ವಸತಿ ಪಾಲನಾಲಯಗಳ ತಪಾಸಣೆ: ಕರ್ನಾಟಕದ ಚರಿತ್ರೆ

ಮನೆಯ ಆಸರೆ ತಪ್ಪಿದ ಅಥವಾ ಮನೆಯಿಂದ ದೂರ ಉಳಿಯಬೇಕಾದವರು ಹಗಲಿರುಳು ನೆಲಸುವ ಸಂಸ್ಥೆಗಳಿಗೆ ಹೊರಗಿನವರು ಅಧಿಕೃತವಾಗಿ ಭೇಟಿಕೊಟ್ಟು, ಅಲ್ಲಿನ ಊಟ, ನೀರು, ಕಟ್ಟಡ, ಆರೋಗ್ಯ ಮತ್ತು ಸುರಕ್ಷತೆಯನ್ನು ಪರೀಕ್ಷಿಸಿ ವರದಿ ಸಲ್ಲಿಸುವ ಕ್ರಮ. ಬಾಲಮಂದಿರ, ಅನಾಥಾಲಯ, ವೃದ್ಧಾಶ್ರಮ, ಅಂಗವಿಕಲರ ವಸತಿಗೃಹ, ಮಾನಸಿಕ ಆರೋಗ್ಯ ಕೇಂದ್ರಗಳು ಇದಕ್ಕೆ ಒಳಪಡುತ್ತವೆ. ವಿದ್ಯಾರ್ಥಿನಿಲಯಗಳ ಕಾನೂನು, ಇಲಾಖೆ ಬೇರೆಯಾದರೂ ಅಲ್ಲಿ ನೋಡಬೇಕಾದ ಸಂಗತಿಗಳು ಬಹುಪಾಲು ಇವೇ.

ತಪಾಸಣೆಯ ಅಗತ್ಯ ಎದ್ದು ಕಾಣುವ ಸೀಮೆಗಳಲ್ಲೊಂದು ಚಿತ್ರದುರ್ಗ ಜಿಲ್ಲೆಯದು. ಅಲ್ಲಿನ ಚಳ್ಳಕೆರೆ ತಾಲ್ಲೂಕಿನ ಕುದಾಪುರ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದಿಂದ ಹೆಸರಾಗಿದೆ. ಆದರೆ ಅದರ ಸುತ್ತಲಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮಳೆ ಕಡಿಮೆ ಬೀಳುವ ಬಯಲು. ಶೇಂಗಾ ಕೈಕೊಟ್ಟ ವರ್ಷ ದುಡಿಯುವವರು ಗುಳೆ ಹೋಗುತ್ತಾರೆ. ಮಕ್ಕಳು ಹಾಸ್ಟೆಲಿನಲ್ಲೋ ಅಜ್ಜಿಯ ಬಳಿಯೋ ಉಳಿಯುತ್ತಾರೆ. ಮ್ಯಾಸಬೇಡ, ಕಾಡುಗೊಲ್ಲ, ಲಂಬಾಣಿ ಮನೆಗಳ ಎಷ್ಟೋ ಮಕ್ಕಳಿಗೆ ಓದಿನ ದಾರಿ ತೆರೆದದ್ದು ಹಾಸ್ಟೆಲಿನ ಬಾಗಿಲಿನಿಂದ. ಊರಿನಿಂದ ದಿನವೂ ಬಂದು ನೋಡಲಾಗದ ತಂದೆತಾಯಿಗಳ ಪರವಾಗಿ ನೋಡುವ ಕಣ್ಣು ತಪಾಸಣೆಯದು. ಆದ್ದರಿಂದ ಈ ವಿಷಯ ಇಲ್ಲಿ ಬರಿಯ ಆಡಳಿತದ ಮಾತಲ್ಲ.

ಆರಂಭ

ಅನ್ನ ಮತ್ತು ಆಶ್ರಯ ನೀಡುವ ಕೆಲಸವನ್ನು ಕರ್ನಾಟಕದಲ್ಲಿ ಬಹುಕಾಲ ಮಠಗಳು, ಛತ್ರಗಳು, ಮಿಷನ್‌ಗಳು ಹೊತ್ತವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಮಿಷನ್ ಆರಂಭಿಸಿದರು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು 20ನೆಯ ಶತಮಾನದ ಮೊದಲರ್ಧದಲ್ಲಿ ಹಲವು ಊರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದರು. ಇಂಥ ಕಡೆ ಮೇಲ್ವಿಚಾರಣೆಯು ಸಂಸ್ಥೆ ನಡೆಸಿದವರ ಮನಸ್ಸಾಕ್ಷಿಗೂ ದಾನಿಗಳ ನಂಬಿಕೆಗೂ ಬಿಟ್ಟ ವಿಚಾರವಾಗಿತ್ತು.

ಕಾನೂನಿನ ಕಣ್ಣು ಮೊದಲು ಬಿದ್ದದ್ದು ಮಾನಸಿಕ ರೋಗಿಗಳ ಆಸ್ಪತ್ರೆಗಳ ಮೇಲೆ. ಇಂಗ್ಲೆಂಡಿನಲ್ಲಿ 1845ರ ಕಾಯ್ದೆ ಇಂಥ ಆಸ್ಪತ್ರೆಗಳನ್ನು ಸುತ್ತಿ ನೋಡುವ ಆಯುಕ್ತರನ್ನು ನೇಮಿಸಿತು. ಬ್ರಿಟಿಷ್ ಭಾರತದಲ್ಲಿ 1912ರ ಕಾಯ್ದೆ ಪ್ರತಿ ಆಸ್ಪತ್ರೆಗೂ ಕನಿಷ್ಠ 3 ಸಂದರ್ಶಕರು ಇರಬೇಕು, ಅವರಲ್ಲಿ ಒಬ್ಬರಾದರೂ ವೈದ್ಯಾಧಿಕಾರಿಯಾಗಿರಬೇಕು ಎಂದಿತು. ವೈದ್ಯರೂ ಸೇರಿ ಇಬ್ಬರಾದರೂ ತಿಂಗಳಿಗೊಮ್ಮೆ ಒಟ್ಟಿಗೆ ಹೋಗಿ ಆಸ್ಪತ್ರೆಯ ಎಲ್ಲ ಭಾಗಗಳನ್ನೂ, ಸಾಧ್ಯವಾದಷ್ಟು ಪ್ರತಿಯೊಬ್ಬ ರೋಗಿಯನ್ನೂ ನೋಡಬೇಕಿತ್ತು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಆಸ್ಪತ್ರೆ ಈ ಕಾನೂನಿನ ವ್ಯಾಪ್ತಿಯಲ್ಲಿತ್ತು. ಮಕ್ಕಳ ರಕ್ಷಣೆಗೂ ಒಂದೊಂದು ಸೀಮೆಗೆ ಒಂದೊಂದು ಕಾನೂನು: ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಮಂಗಳೂರುಗಳಿಗೆ 1920ರದು, ಮುಂಬೈ ಪ್ರಾಂತ್ಯದ ಧಾರವಾಡ, ಬೆಳಗಾವಿಗಳಿಗೆ 1924ರದು.

ಪರವಾನಗಿಯ ಕಾಲ

ಸ್ವಾತಂತ್ರ್ಯದ ನಂತರ ಸಂಸತ್ತು ಎರಡು ಕಾಯ್ದೆಗಳನ್ನು ಮಾಡಿತು. 1956ರದು ಮಹಿಳೆಯರ ಮತ್ತು ಮಕ್ಕಳ ಸಂಸ್ಥೆಗಳಿಗೆ ಪರವಾನಗಿ ಕಡ್ಡಾಯಗೊಳಿಸಿತು. 1960ರದು ಅನಾಥಾಲಯ ಮತ್ತು ಧರ್ಮಾರ್ಥ ವಸತಿಗೃಹಗಳಿಗೆ ಮಾನ್ಯತಾ ಪತ್ರವನ್ನೂ ಅವುಗಳ ಮೇಲ್ವಿಚಾರಣೆಗೆ ನಿಯಂತ್ರಣ ಮಂಡಳಿಯನ್ನೂ ವಿಧಿಸಿತು. ಸದುದ್ದೇಶದಿಂದ ನಡೆಸುವ ಸಂಸ್ಥೆಯೂ ಸಮಾಜಕ್ಕೆ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವ ಹೀಗೆ ನೆಲೆಗೊಂಡಿತು. ಆದರೂ ಒಮ್ಮೆ ಪತ್ರ ಕೈಗೆ ಬಂದ ಮೇಲೆ ಒಳಗಿನ ಬದುಕು ಹೇಗಿದೆ ಎಂಬುದನ್ನು ಪರವಾನಗಿ ತಾನಾಗಿ ತಿಳಿಸದು.

ಇದೇ ಹೊತ್ತಿನಲ್ಲಿ ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ವಸತಿ ಸಂಸ್ಥೆಗಳನ್ನು ನಡೆಸತೊಡಗಿತು. ಡಿ. ದೇವರಾಜ ಅರಸು ಅವರ ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರರ ನೇತೃತ್ವದ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. 1975ರಲ್ಲಿ ವರದಿ ಬಂತು. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಆಮೇಲಿನ ವರ್ಷಗಳಲ್ಲಿ ಹೆಚ್ಚಿದವು. 1990ರ ದಶಕದಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಸೇರಿಕೊಂಡವು. ನಡೆಸುವುದೂ ಪರೀಕ್ಷಿಸುವುದೂ ಒಂದೇ ಇಲಾಖೆಯ ಕೆಲಸವಾದಾಗ ಹೊರಗಿನ ನೋಟ ಬೇಕೆನಿಸಿತು. ಲೋಕಾಯುಕ್ತ, ಕಾನೂನು ಸೇವಾ ಪ್ರಾಧಿಕಾರ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ದಿಢೀರ್ ಭೇಟಿಗಳು ಆ ಕೊರತೆಯನ್ನು ಒಂದಿಷ್ಟು ತುಂಬಿವೆ.

ದುರಂತಗಳು ಕಲಿಸಿದ್ದು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಖಾಸಗಿ ವಸತಿಗೃಹಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರಿಗೆ ಓಡಿಹೋಗಲಾಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡ ಮೇಲೆ ನೋಂದಣಿಯಿಲ್ಲದ ವಸತಿಗೃಹಗಳ ಪ್ರಶ್ನೆ ದೇಶದ ಮುಂದೆ ಬಂತು. 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಂದಣಿಯನ್ನೂ 3 ವರ್ಷಕ್ಕೊಮ್ಮೆ ಪರಿಶೀಲನೆಯನ್ನೂ ಕಡ್ಡಾಯಗೊಳಿಸಿ, ಸರಪಳಿ ಹಾಕುವುದನ್ನು ನಿಷೇಧಿಸಿತು.

2018ರಲ್ಲಿ ಬಿಹಾರದ ಮುಜಫ್ಫರಪುರದ ಬಾಲಕಿಯರ ಆಶ್ರಯಗೃಹದ ದೌರ್ಜನ್ಯ ಬಯಲಾಯಿತು. ಅದನ್ನು ಹೊರತಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ನಡೆಸಿದ ಸಾಮಾಜಿಕ ಪರಿಶೋಧನೆ. ಆ ತಂಡ 110 ಸಂಸ್ಥೆಗಳನ್ನು ನೋಡಿ, 17ರಲ್ಲಿ ಸ್ಥಿತಿ ಗಂಭೀರವಾಗಿದೆ ಎಂದಿತು. ಕಡತ ತಿರುವಿ ಹಾಕುವುದರ ಬದಲು ಮಕ್ಕಳ ಜೊತೆ ಕೂತು ಮಾತಾಡಿದ್ದು ಆ ಕೆಲಸದ ತಿರುಳು.

ಮಕ್ಕಳ ಸಂಸ್ಥೆಗಳ ಇಂದಿನ ಕ್ರಮ

ಬಾಲನ್ಯಾಯ ಕಾಯ್ದೆ 1986, 2000, 2015ರಲ್ಲಿ ಮೂರು ಬಾರಿ ಹೊಸ ರೂಪ ಪಡೆಯಿತು. ಮಕ್ಕಳ ಪಾಲನಾ ಸಂಸ್ಥೆಗಳೆಲ್ಲವೂ 2017ರ ಡಿಸೆಂಬರ್ 31ರೊಳಗೆ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಆ ವರ್ಷದ ಮೇ ತಿಂಗಳಲ್ಲಿ ಆದೇಶಿಸಿತು. ನೋಂದಣಿಯಿಲ್ಲದೆ ನಡೆಸಿದರೆ 1 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ ಉಂಟು. 2015ರ ಕಾಯ್ದೆಯಂತೆ ತಪಾಸಣಾ ಸಮಿತಿ 3 ತಿಂಗಳಿಗೊಮ್ಮೆಯಾದರೂ ಪ್ರತಿ ಸಂಸ್ಥೆಗೆ ಹೋಗಬೇಕು. ತಂಡದಲ್ಲಿ ಕನಿಷ್ಠ 3 ಜನ; ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ವರದಿಗೆ ಒಂದು ವಾರದ ಗಡುವು. 2021ರ ತಿದ್ದುಪಡಿ ಜಿಲ್ಲಾಧಿಕಾರಿಯ ಹೊಣೆಯನ್ನು ಹೆಚ್ಚಿಸಿತು.

ಮೂವರ ತಂಡ, ಒಬ್ಬ ವೈದ್ಯ ಎಂಬ 1912ರ ಸೂತ್ರ ನೂರು ವರ್ಷ ದಾಟಿಯೂ ಉಳಿದಿರುವುದು ಗಮನಾರ್ಹ. ಆದರೆ ಅಂದು ಒಳಗಿದ್ದವರು ನೋಡಿಸಿಕೊಳ್ಳುವವರಾಗಿದ್ದರು. ಇಂದು ಮಾತಾಡುವ ಹಕ್ಕುಳ್ಳವರು. ನಿಯಮಗಳ ಪ್ರಕಾರ ಮಕ್ಕಳದೇ ಸಮಿತಿಗಳಿರಬೇಕು. ಕಚೇರಿಯಿಂದ ದೂರವಾಗಿ, ಮಕ್ಕಳ ಕೈಗೆಟಕುವಂತೆ ಸಲಹಾಪೆಟ್ಟಿಗೆ ಇಡಬೇಕು. ಅದನ್ನು ವಾರಕ್ಕೊಮ್ಮೆ ಮಕ್ಕಳ ಪ್ರತಿನಿಧಿಗಳ ಎದುರಿನಲ್ಲೇ ತೆರೆಯಬೇಕು. 7 ಮಕ್ಕಳಿಗೊಂದು ಶೌಚಾಲಯ, 10 ಮಕ್ಕಳಿಗೊಂದು ಸ್ನಾನದ ಮನೆ ಎಂಬಂಥ ಅಳತೆಗಳೂ ಇವೆ.

ವೃದ್ಧಾಶ್ರಮಗಳು

ಹಿರಿಯರ ವಿಷಯದಲ್ಲಿ ಕಾನೂನು ಇಷ್ಟು ಬಿಗಿಯಾಗಿಲ್ಲ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ನಿರ್ಗತಿಕ ಹಿರಿಯರಿಗಾಗಿ ಕನಿಷ್ಠ 150 ಜನರ ವೃದ್ಧಾಶ್ರಮ ಸ್ಥಾಪಿಸುವ ಅವಕಾಶ ನೀಡಿತು. ಅವುಗಳ ಗುಣಮಟ್ಟ, ವೈದ್ಯಕೀಯ ಸೇವೆ, ಮನರಂಜನೆಗೆ ಯೋಜನೆ ರೂಪಿಸುವುದು ರಾಜ್ಯಗಳ ಪಾಲಿಗೆ ಬಂತು. ಆದರೆ ಖಾಸಗಿ ವೃದ್ಧಾಶ್ರಮಗಳ ನೋಂದಣಿಯ ಬಗ್ಗೆ ಆ ಕಾಯ್ದೆ ಏನೂ ಹೇಳಲಿಲ್ಲ. 2019ರ ತಿದ್ದುಪಡಿ ಮಸೂದೆ ಆ ವಿಷಯವನ್ನು ಎತ್ತಿಕೊಂಡಿತಾದರೂ ಕಾಯ್ದೆಯಾಗಲಿಲ್ಲ. ಹೋಲಿಕೆಗೆ ನೋಡಿದರೆ, ಇಂಗ್ಲೆಂಡಿನಲ್ಲಿ 2009ರಿಂದ ಕೆಲಸ ಮಾಡುತ್ತಿರುವ ಪಾಲನಾ ಗುಣಮಟ್ಟ ಆಯೋಗ ಪ್ರತಿ ಸಂಸ್ಥೆಗೂ ಐದು ಪ್ರಶ್ನೆ ಹಾಕುತ್ತದೆ: ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯಿದೆಯೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಚೆನ್ನಾಗಿದೆಯೇ. ಹಾಸಿಗೆ ಹಿಡಿದ ಅಜ್ಜನಿಗೆ ಮಗ್ಗುಲು ಬದಲಿಸುವವರು ಇದ್ದಾರೆಯೇ ಎಂಬುದು ಇಲ್ಲಿಯೂ ಅಷ್ಟೇ ಮುಖ್ಯ.

ಬಯಲುಸೀಮೆಯಲ್ಲಿ ತಪಾಸಣೆ

ಚಿತ್ರದುರ್ಗ ಜಿಲ್ಲೆಯಲ್ಲಿ ತಪಾಸಣೆ ನೀರಿನಿಂದ ಆರಂಭವಾಗಬೇಕು. ಇಲ್ಲಿನ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ, ಮುಂದೆ ಮೂಳೆಗೂ ತಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕ ಇದ್ದು, ಮುದ್ದೆಗೂ ಸಾರಿಗೂ ಕೊಳವೆಬಾವಿಯ ನೀರೇ ಬಿದ್ದರೆ ರಕ್ಷಣೆ ಅರ್ಧವಷ್ಟೇ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನು ತೆಗೆದುಕೊಂಡದ್ದು, ನೀರಿನ ಪರೀಕ್ಷೆಯನ್ನು ಮುಂದೂಡಬಾರದು ಎಂಬುದಕ್ಕೆ ಸಾಕ್ಷಿ.

ನೀರಿನ ನಂತರ ಅಡುಗೆಮನೆ ಮತ್ತು ಉಗ್ರಾಣ: ಗೋಡೆಯ ಮೇಲಿನ ಊಟದ ಪಟ್ಟಿಗೂ ತಟ್ಟೆಗೂ ತಾಳೆಯಿದೆಯೇ, ದಾಸ್ತಾನು ವಹಿಯ ಬೇಳೆ ಚೀಲದಲ್ಲಿದೆಯೇ. ಆಮೇಲೆ ಶೌಚಾಲಯದ ಚಿಲಕ, ರಾತ್ರಿಯ ದೀಪ, ತುರ್ತು ಬಾಗಿಲು, ಔಷಧಿಯ ಅವಧಿ, ಹಾಜರಿ. ಕೊನೆಯದಾಗಿ, ಸಿಬ್ಬಂದಿಯನ್ನು ದೂರವಿಟ್ಟು ನಿವಾಸಿಗಳೊಡನೆ ಮಾತು. ಮಕ್ಕಳಿಗಾಗಿ 1098, ಹಿರಿಯರಿಗಾಗಿ 14567 ಸಹಾಯವಾಣಿಗಳು ಎಲ್ಲರಿಗೂ ಕಾಣುವಂತೆ ಬರೆದಿರಬೇಕು.

ತೊಡಕುಗಳು

ಮುಂಚೆ ತಿಳಿಸಿ ಬರುವ ಭೇಟಿಗೆ ಹೊಸ ಹೊದಿಕೆ ಹೊರಬರುತ್ತದೆ, ಅಂದಿನ ಸಾರು ಗಟ್ಟಿಯಾಗುತ್ತದೆ. ನಿಲಯಪಾಲಕರ ಹುದ್ದೆ ಖಾಲಿಯಿದ್ದು ಒಬ್ಬರೇ ಎರಡು ಮೂರು ನಿಲಯ ನೋಡಿಕೊಳ್ಳುವಾಗ ತಪ್ಪೆಲ್ಲವನ್ನೂ ಅವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆ ಕೊರತೆಯೂ ವರದಿಗೆ ಬರಬೇಕು. ದೂರು ಹೇಳಿದ ಮಗು ತಂಡ ಹೋದ ಮೇಲೂ ಅದೇ ಕಟ್ಟಡದಲ್ಲಿ ಮಲಗಬೇಕು. ಆ ಮಗುವಿಗೆ ತೊಂದರೆಯಾಗದಂತೆ ಕಾಯುವುದು ತಪಾಸಣೆಯದೇ ಭಾಗ. ಅದಕ್ಕಾಗಿ ಮುಂದಿನ ಭೇಟಿ ಹಿಂದಿನ ವರದಿಯನ್ನು ಕೈಯಲ್ಲಿ ಹಿಡಿದು ಆರಂಭವಾಗಬೇಕು: ಬರೆದ ಲೋಪ ಸರಿಯಾಯಿತೇ, ಹೇಳಿದ ಮಗು ಹೇಗಿದೆ ಎಂದು ಮೊದಲು ಕೇಳಬೇಕು.