ಎಲ್ಲರೂ ಬರೆದ ಪಟ್ಟಿ ಯಾರ ಸ್ವತ್ತು?

1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಸಂಗೀತವನ್ನು ಸ್ಪಷ್ಟವಾಗಿ ಕೇಳಿಸಿತು. ಆದರೆ ತಾನು ನುಡಿಸುತ್ತಿರುವ ಹಾಡು ಯಾವುದೆಂದು ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಹಾಡಿನ ಹೆಸರು, ಹಾಡಿದವರ ಹೆಸರು ಡಬ್ಬಿಯೊಳಗಿನ ಕಾಗದದಲ್ಲಿರುತ್ತಿದ್ದವು. ಸಂಗೀತದ ಜೊತೆಗೆ ತಟ್ಟೆಯಲ್ಲಿದ್ದುದು ಯಾವ ಹಾಡು ಎಲ್ಲಿ ಆರಂಭವಾಗುತ್ತದೆ ಎಂಬ ಅಂಕಿಗಳಷ್ಟೇ. ಈ ಸಣ್ಣ ಕೊರತೆಯನ್ನು ತುಂಬಲು ಹೊರಟ ಹವ್ಯಾಸಿಗಳ ಶ್ರಮ ಮುಂದೆ ಒಂದು ದೊಡ್ಡ ಪ್ರಶ್ನೆಯನ್ನು ಎಬ್ಬಿಸಿತು: ಹಲವರು ಪ್ರತಿಫಲವಿಲ್ಲದೆ ಕೂಡಿಸಿದ ತಿಳಿವಳಿಕೆಗೆ ಒಡೆಯರು ಯಾರು?

1993ರ ಸುಮಾರಿಗೆ ಅಮೆರಿಕದ ಟಿ ಕಾನ್ ಎಂಬ ತಂತ್ರಜ್ಞರು ಕಂಪ್ಯೂಟರಿನಲ್ಲಿ ಸಿ.ಡಿ. ನುಡಿಸುವ ಪ್ರೋಗ್ರಾಂ ಒಂದನ್ನು ಬರೆದರು. ಹಾಡುಗಳು ಆರಂಭವಾಗುವ ಸ್ಥಾನ ಮತ್ತು ಒಟ್ಟು ಅವಧಿಯಿಂದ ಲೆಕ್ಕ ಹಾಕಿದರೆ ಪ್ರತಿಯೊಂದು ಸಿ.ಡಿ.ಗೂ ಬಹುಮಟ್ಟಿಗೆ ಅದರದೇ ಆದ ಒಂದು ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆಯ ಎದುರಿಗೆ ಒಬ್ಬರು ಒಮ್ಮೆ ಹಾಡುಗಳ ಹೆಸರನ್ನು ಬರೆದಿಟ್ಟರೆ ಸಾಕು, ಅದೇ ಸಿ.ಡಿ. ಇರುವ ಉಳಿದವರು ಮತ್ತೆ ಬರೆಯಬೇಕಾಗಿಲ್ಲ. ಬಳಕೆದಾರರು ತಮ್ಮ ತಮ್ಮ ಪಟ್ಟಿಗಳನ್ನು ಟೈಪ್ ಮಾಡಿ ಕಳುಹಿಸತೊಡಗಿದರು. ಸ್ಟೀವ್ ಶೆರ್ಫ್ ಅವರ ಸಹಯೋಗದಲ್ಲಿ ಇದು ಇಂಟರ್‌ನೆಟ್ ಮೂಲಕ ಎಲ್ಲರಿಗೂ ಸಿಗುವ ‘ಸಿಡಿಡಿಬಿ’ ಎಂಬ ಮಾಹಿತಿಕೋಶವಾಯಿತು. ಕಳುಹಿಸಿದವರು ಹಣ ಕೇಳಲಿಲ್ಲ. ತಾನು ಹತ್ತು ಹೆಸರು ಬರೆದರೆ ಇತರರು ಬರೆದ ಸಾವಿರಾರು ಹೆಸರುಗಳು ತನಗೂ ಸಿಗುತ್ತವೆ ಎಂಬುದೇ ಅಲ್ಲಿದ್ದ ಒಪ್ಪಂದ. ಅದನ್ನು ಯಾರೂ ಕಾಗದದಲ್ಲಿ ಬರೆದಿಡಲಿಲ್ಲ.

1998ರಲ್ಲಿ ಈ ಮಾಹಿತಿಕೋಶವನ್ನು ಎಸ್ಸೆಂಟ್ ಎಂಬ ಕಂಪನಿ ಕೊಂಡಿತು. ಮುಂದೆ ಅದು ‘ಗ್ರೇಸ್‌ನೋಟ್’ ಎಂಬ ಹೆಸರು ಪಡೆಯಿತು. ಪರವಾನಗಿಯ ಷರತ್ತುಗಳು ಬಿಗಿಯಾದವು. 2001ರಲ್ಲಿ ಪರವಾನಗಿ ಪಡೆಯದ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿತು. ಊರವರೆಲ್ಲ ಸೇರಿ ಹೂಳೆತ್ತಿದ ಕೆರೆಯ ತೂಬಿಗೆ ಯಾರೋ ಬೀಗ ಜಡಿದಂತಾಯಿತು. ಕಂಪನಿಯ ವಾದವನ್ನೂ ತಳ್ಳಿಹಾಕುವಂತಿಲ್ಲ. ಲಕ್ಷಾಂತರ ಜನರಿಗೆ ಹಗಲಿರುಳು ಉತ್ತರಿಸುವ ಯಂತ್ರಗಳಿಗೆ, ತಪ್ಪು ತಿದ್ದುವ ಸಿಬ್ಬಂದಿಗೆ ಖರ್ಚಿದೆ. ಆದರೆ 2008ರಲ್ಲಿ ಸೋನಿ ಸಂಸ್ಥೆ ಗ್ರೇಸ್‌ನೋಟನ್ನು ಸುಮಾರು 26 ಕೋಟಿ ಡಾಲರಿಗೆ ಕೊಂಡಾಗ, ಮೊದಲ ಪಟ್ಟಿಗಳನ್ನು ಬರೆದುಕೊಟ್ಟ ಹವ್ಯಾಸಿಗಳಿಗೆ ಅದರಲ್ಲಿ ಪಾಲಿರಲಿಲ್ಲ.

ಕಾನೂನು ಏನು ಹೇಳುತ್ತದೆ? 1991ರಲ್ಲಿ ಟೆಲಿಫೋನ್ ಡೈರೆಕ್ಟರಿಯೊಂದರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬರಿಯ ಸಂಗತಿಗಳ ಮೇಲೆ ಕೃತಿಸ್ವಾಮ್ಯ ಇರುವುದಿಲ್ಲ, ಅವುಗಳನ್ನು ಕಲೆಹಾಕುವ ಶ್ರಮವೊಂದೇ ಆ ಹಕ್ಕನ್ನು ತಂದುಕೊಡದು ಎಂದು ತೀರ್ಪಿತ್ತಿತ್ತು. ಯುರೋಪಿನ ದಾರಿ ಬೇರೆ: 1996ರ ನಿರ್ದೇಶನದ ಪ್ರಕಾರ ಮಾಹಿತಿಕೋಶಕ್ಕೆ ಗಣನೀಯ ಬಂಡವಾಳ ಹೂಡಿದವರಿಗೆ 15 ವರ್ಷಗಳ ರಕ್ಷಣೆ ಉಂಟು. ಎರಡರಲ್ಲೂ ಒಂದೊಂದು ಸಾಲು ಬರೆದುಕೊಟ್ಟವನಿಗೆ ಸ್ಥಾನವಿಲ್ಲವೆಂಬುದು ಗಮನಿಸಬೇಕಾದ ವಿಷಯ. ಹಾಡಿನ ಹೆಸರು ಯಾರ ಸ್ವತ್ತೂ ಅಲ್ಲದಿರಬಹುದು. ಅದನ್ನು ಕೂಡಿಟ್ಟ ಯಂತ್ರ ಯಾರ ಕೈಯಲ್ಲಿದೆಯೋ ಅವರೇ ಒಡೆಯರಂತೆ ವರ್ತಿಸಬಲ್ಲರು.

ಹವ್ಯಾಸಿಗಳು ಸುಮ್ಮನೆ ಕೂರಲಿಲ್ಲ. ಹಳೆಯ ಪಟ್ಟಿಯ ಮುಕ್ತ ಪ್ರತಿಯನ್ನು ಆಧರಿಸಿ ‘ಫ್ರೀಡಿಬಿ’ ಹುಟ್ಟಿತು. 2020ರಲ್ಲಿ ನಿಲ್ಲುವವರೆಗೂ ಅದು ಸೇವೆ ಸಲ್ಲಿಸಿತು. ರಾಬರ್ಟ್ ಕೇ ಅವರು 2000ದಲ್ಲಿ ಆರಂಭಿಸಿದ ‘ಮ್ಯೂಸಿಕ್‌ಬ್ರೇನ್ಸ್’ ಇನ್ನೂ ಮುಂದಕ್ಕೆ ಹೋಯಿತು. ಅದರ ಮೂಲ ಮಾಹಿತಿಯನ್ನು ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. 2004ರಲ್ಲಿ ಅದನ್ನು ನಡೆಸಲು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವೂ ಸ್ಥಾಪನೆಯಾಯಿತು. ಇಡೀ ಪಟ್ಟಿಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾದ್ದರಿಂದ ನಾಳೆ ಅಲ್ಲಿಯೂ ಯಾರಾದರೂ ಬಾಗಿಲು ಮುಚ್ಚಿದರೆ ಮತ್ತೊಂದೆಡೆ ಅದನ್ನು ತೆರೆಯಲು ಸಾಧ್ಯ.

ಈ ಪಾಠ ಸಂಗೀತಕ್ಕಷ್ಟೇ ಸೀಮಿತವಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವವರು ಕೂಡ ಸಂಭಾವನೆ ಬಯಸದ ಹವ್ಯಾಸಿಗಳೇ. ವ್ಯತ್ಯಾಸವಿಷ್ಟೆ: ಬರೆದದ್ದನ್ನು ಎಲ್ಲರೂ ಬಳಸಬಹುದು, ಬಳಸಿ ಬದಲಿಸಿದವರೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬ ಮಾತು ಅಲ್ಲಿ ಮೊದಲೇ ಬರಹದಲ್ಲಿದೆ. ಸಿಡಿಡಿಬಿಗೆ ಪಟ್ಟಿ ಕಳುಹಿಸಿದವರು ಪರಸ್ಪರ ನಂಬಿಕೆಯೇ ಸಾಕೆಂದುಕೊಂಡಿದ್ದರು. ಕೊಳ್ಳುವವನು ಬಂದ ದಿನ ಆ ನಂಬಿಕೆಗೆ ಸಾಕ್ಷಿ ಹೇಳಲು ಒಂದು ತುಂಡು ಕಾಗದವೂ ಅವರ ಬಳಿ ಇರಲಿಲ್ಲ.