ಗಡಿಸೀಮೆಯ ನಾಲ್ಕು ತಾಲೂಕುಗಳು: ನೆಲ, ಚರಿತ್ರೆ, ನುಡಿ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹೆಸರಿನಲ್ಲಿ ಒಂದು ಘಟಕವಾಗಿವೆ. ಮಳೆ ಕಡಿಮೆಯಾದ, ಹೆಬ್ಬಂಡೆಗಳ ಸೀಮೆಯಿದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡವನ್ನು ಆಂಧ್ರಪ್ರದೇಶ ಬಹುಪಾಲು ಸುತ್ತುವರಿದಿದೆ. ಪಕ್ಕದ ಮಡಕಶಿರಾ ಆಂಧ್ರದೊಳಗಿದ್ದೂ ಕರ್ನಾಟಕದ ಒಳಕ್ಕೆ ಚಾಚಿಕೊಂಡಿದೆ. ಮೊದಲನೆಯದರಲ್ಲಿ ತೆಲುಗು, ಎರಡನೆಯದರಲ್ಲಿ ಕನ್ನಡ ಬಲವಾಗಿ ಬೇರೂರಿವೆ.

ಈ ಸೀಮೆಯ ಭಾಷಾಚರಿತ್ರೆಗೆ ಸ್ಥಳನಾಮಗಳು ಒಳ್ಳೆಯ ಪ್ರವೇಶದ್ವಾರ. ಕೊರಟಗೆರೆಯ ಉತ್ತರಪದ ‘ಕೆರೆ’. ಸಮಾಸದಲ್ಲಿ ಕಕಾರ ಗಕಾರವಾಗಿದೆ. ನಿಡುಗಲ್ಲಿನಲ್ಲಿಯೂ ಅದೇ ಆದೇಶಸಂಧಿ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟದಲ್ಲಿ ಮಧುಗಿರಿ ಇನ್ನೂ ‘ಮದ್ದಗಿರಿ’ಯೇ. ಹೆಸರಿಗೆ ಜೇನು ಸವರಿದ್ದು ಸಂಸ್ಕೃತೀಕರಣ.

ಪಾವಗಡ ಇವೆಲ್ಲಕ್ಕಿಂತ ಜಟಿಲ. ರೂಢಿಯ ನಿಷ್ಪತ್ತಿಯಂತೆ ‘ಪಾವು’ ಎಂದರೆ ಹಾವು. ಇದನ್ನು ಒಪ್ಪುವುದಾದರೆ ವಕಾರವಿರುವ ಈ ರೂಪ ಕನ್ನಡದ್ದು; ತೆಲುಗಿನಲ್ಲಿ ‘ಪಾಮು’ ಆಗಬೇಕಿತ್ತು. ಆದರೆ ಹತ್ತನೆಯ ಶತಮಾನದ ಸುಮಾರಿಗೆ ಆರಂಭವಾದ ಪಕಾರ-ಹಕಾರ ಪಲ್ಲಟ ಈ ಹೆಸರನ್ನು ಮುಟ್ಟಿಲ್ಲ. ಪಕಾರವನ್ನು ಉಳಿಸಿಕೊಂಡ ತೆಲುಗು ಭಾಷಿಕರ ಬಾಯಲ್ಲಿ ಹಳೆಯ ಕನ್ನಡ ರೂಪ ಸುರಕ್ಷಿತವಾಗಿ ಉಳಿಯಿತೆಂಬುದು ನನ್ನ ಊಹೆ. ‘ಗಡ’ವಂತೂ ಉತ್ತರದಿಂದ ಬಂದ ಪದ.

ಆಳ್ವಿಕೆಯ ಚರಿತ್ರೆಯೂ ಹೀಗೆಯೇ ಪದರುಪದರಾಗಿದೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಹೇಮಾವತಿ, ಇಂದು ಆಂಧ್ರದಲ್ಲಿದೆ. ಅಲ್ಲಿಯ ಶಾಸನಗಳು ಕನ್ನಡದವು. ಕರಿಕಾಲನ ವಂಶಜರೆಂದು ಹೇಳಿಕೊಂಡ ನಿಡುಗಲ್ಲು ಚೋಳರೂ ಕನ್ನಡದಲ್ಲಿ ಶಾಸನ ಬರೆಸಿದರು. 1638ರಲ್ಲಿ ಬಿಜಾಪುರದ ವಶವಾದ ಶಿರಾ, 1687ರಿಂದ ಮೊಗಲ್ ಸುಬಾದ ಕೇಂದ್ರವಾಯಿತು; ಪಾರಸಿ ಆಡಳಿತಭಾಷೆಯಾಯಿತು, ದಖನಿ ಮನೆಮಾತಾಗಿ ನೆಲೆಸಿತು. ಹೈಟಿಯ ತೋಟಗಳಲ್ಲಿ ಗುಲಾಮಗಿರಿಯ ಒತ್ತಡ ಹೊಸ ಕ್ರಿಯೋಲ್ ಭಾಷೆಗೆ ಜನ್ಮವಿತ್ತಿತು. ಇಲ್ಲಿ ಹಾಗಾಗಲಿಲ್ಲ, ಭಾಷೆಗಳು ಬೇರೆಬೇರೆಯಾಗಿಯೇ ಉಳಿದು, ಆಡುವವರು ದ್ವಿಭಾಷಿಕರಾದರು.

1956ರಲ್ಲಿ ಎಮಿನೊ ಅವರು ಭಾರತವನ್ನು ಒಂದು ಭಾಷಾವಲಯವಾಗಿ ಪರಿಗಣಿಸುವ ಲೇಖನ ಪ್ರಕಟಿಸಿದರು. ರಾಜ್ಯಗಳ ಗಡಿಯನ್ನು ಭಾಷೆಯ ಆಧಾರದ ಮೇಲೆ ಎಳೆದದ್ದೂ ಅದೇ ವರ್ಷ. ಅಂದಿನಿಂದ ಪಾವಗಡವನ್ನು ‘ತೆಲುಗು ಪ್ರಭಾವಿತ’, ಮಡಕಶಿರಾವನ್ನು ‘ಗಡಿಯಾಚೆಯ ಕನ್ನಡ’ ಎಂದು ವಿಂಗಡಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇವೆರಡನ್ನೂ ಒಂದೇ ನುಡಿವಲಯವಾಗಿ ಅಧ್ಯಯನ ಮಾಡದೆ ಪ್ರಭಾವದ ದಿಕ್ಕನ್ನು ನಿರ್ಧರಿಸುವುದು ಅವಸರದ ತೀರ್ಮಾನ.

ಜಾತಿನಾಮವನ್ನು ನಂಬುವುದೂ ಕಷ್ಟ. ‘ಗೊಲ್ಲ’ ಎಂಬ ಒಂದೇ ಹೆಸರಿನಡಿಯಲ್ಲಿ ಊರುಗೊಲ್ಲರು ಬಹುಮಟ್ಟಿಗೆ ತೆಲುಗು ಮನೆಮಾತಿನವರು. ಜುಂಜಪ್ಪನ ಕಾವ್ಯವನ್ನು ಹಾಡುವ ಕಾಡುಗೊಲ್ಲರು ಕನ್ನಡದವರು. ಜನಗಣತಿ ಒಂದು ತಾಯ್ನುಡಿಯನ್ನೂ ಬಲ್ಲ ಇನ್ನೆರಡು ಭಾಷೆಗಳನ್ನೂ ದಾಖಲಿಸುತ್ತದೆ. ಹಟ್ಟಿಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಯಾವುದನ್ನು ಯಾರೊಡನೆ ಆಡುತ್ತಾರೆಂದು ಅದು ಕೇಳುವುದಿಲ್ಲ.