ಅಲ್ಪಾವಧಿ ವೈದ್ಯಕೀಯ ತಂಡಗಳೂ ವೃತ್ತಿಚಿಕಿತ್ಸೆಯೂ: ಶಿವಮೊಗ್ಗ ಜಿಲ್ಲೆಯ ನಿದರ್ಶನ

ಶಿವಮೊಗ್ಗ ಜಿಲ್ಲೆಯ ವೈದ್ಯಕೀಯ ಚರಿತ್ರೆಯಲ್ಲಿ, ಹೊರಗಿನ ಪರಿಣತರ ತಂಡಗಳು ಮಲೆನಾಡಿನ ಹಳ್ಳಿಗಳಿಗೆ ಬಂದ ಎರಡು ಸಂದರ್ಭಗಳು ವಿಶೇಷವಾಗಿ ಉಲ್ಲೇಖಾರ್ಹವಾಗಿವೆ. ಮೊದಲನೆಯದು 1957ರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರೂ ತೀವ್ರ ಜ್ವರಕ್ಕೆ ತುತ್ತಾದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ರೋಗಕಾರಕ ವೈರಸನ್ನು ಬೇರ್ಪಡಿಸಿದರು. ಕಾಡಿನ ಉಣುಗುಗಳಿಂದ ಅದು ಹರಡುತ್ತದೆಂಬುದೂ ತಿಳಿದುಬಂದಿತು. ಎರಡನೆಯದು 1974-75ರದು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟದ ಕೀಲು ಸವೆದು ನಡೆಯಲಾರದಂತಾಗುವ ವಿಚಿತ್ರ ವ್ಯಾಧಿಯೊಂದು ಗಮನಕ್ಕೆ ಬಂದು, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ಬೇರೆ ತಜ್ಞರೂ ಬಂದು ಪರೀಕ್ಷಿಸಿದರು.

ಈ ಎರಡು ಸಂದರ್ಭಗಳಿಗೂ ಹೋಲಿಕೆಯುಂಟು, ಆದರೆ ಅವುಗಳ ಭೇದವು ಇನ್ನೂ ಮಹತ್ವದ್ದು. ಜ್ವರದ ರೋಗಿ ಕೆಲವು ವಾರಗಳಲ್ಲಿ ಗುಣಮುಖನಾಗುತ್ತಾನೆ, ಇಲ್ಲವೆ ಮಡಿಯುತ್ತಾನೆ. ಹಂದಿಗೋಡಿನ ರೋಗಿಯಾದರೋ ತಂಡವು ಹಿಂದಿರುಗಿದ ಮೇಲೂ ಹತ್ತಾರು ವರ್ಷ ಅದೇ ಸೊಂಟವನ್ನು ಹೊತ್ತುಕೊಂಡು ನೀರು ಸೇದಬೇಕು, ಒಲೆ ಹಚ್ಚಬೇಕು, ಗದ್ದೆಗೆ ಹೋಗಬೇಕು. ಆ ಹತ್ತಾರು ವರ್ಷಗಳಿಗೆ ಅಲ್ಪಾವಧಿಯ ತಂಡವು ಏನನ್ನು ಬಿಟ್ಟುಹೋಗಬಲ್ಲದು ಎಂಬುದೇ ಪ್ರಕೃತ ಲೇಖನದ ವಿಚಾರ.

ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಶಾಸ್ತ್ರವೇ ವೃತ್ತಿಚಿಕಿತ್ಸೆ, ಎಂದರೆ ಆಕ್ಯುಪೇಷನಲ್ ಥೆರಪಿ. ಇದನ್ನು ಉದ್ಯೋಗ ಕಲಿಸುವ ತರಬೇತಿಯೆಂದು ಭಾವಿಸುವುದು ಸಾಧುವಲ್ಲ. ಮೀಯುವುದು, ಉಣ್ಣುವುದು, ಸೀರೆ ಉಡುವುದು, ಮಗುವನ್ನು ಎತ್ತಿಕೊಳ್ಳುವುದು, ಹೊಲದ ಕೆಲಸ, ಇವೆಲ್ಲವೂ ಇಲ್ಲಿ ‘ವೃತ್ತಿ’ ಎಂಬ ಮಾತಿನಲ್ಲಿ ಅಡಕವಾಗಿವೆ. ಶಸ್ತ್ರವೈದ್ಯನು ಕೀಲು ಎಷ್ಟು ಮಡಿಚೀತೆಂದು ಅಳೆದರೆ, ವೃತ್ತಿಚಿಕಿತ್ಸಕನು ಅಷ್ಟು ಮಡಿಚುವ ಕೀಲಿನಿಂದ ಆ ವ್ಯಕ್ತಿಯ ದಿನವು ಹೇಗೆ ಸಾಗಬೇಕೆಂದು ವಿಚಾರಿಸುತ್ತಾನೆ.

ಈ ಶಾಸ್ತ್ರವು ರೂಪುಗೊಂಡ ಕಾಲವೂ ಗಮನಾರ್ಹವಾದುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ 1917ರ ಮಾರ್ಚ್ ತಿಂಗಳಲ್ಲಿ ಇದರ ಮೊದಲ ಸಂಘವು ಸ್ಥಾಪಿತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಯೋಧರೇ ಅದರ ಬೆಳವಣಿಗೆಗೆ ಮುಖ್ಯ ನಿಮಿತ್ತರಾದರು. ಅದೇ ವರ್ಷ ಮುಂಬಯಿಯಲ್ಲಿ ಅಂಗವಿಕಲ ಭಾರತೀಯ ಸೈನಿಕರಿಗಾಗಿ ಕ್ವೀನ್ ಮೇರಿ ತಾಂತ್ರಿಕ ಶಾಲೆಯು ಆರಂಭವಾಗಿ, ಅನಂತರ ಪುಣೆಯ ಬಳಿಯ ಖಡಕಿಗೆ ಸ್ಥಳಾಂತರಗೊಂಡಿತು.

ಯುದ್ಧದಂತೆಯೇ ಯಂತ್ರವೂ ಅಂಗಗಳನ್ನು ಅಪಹರಿಸುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಯೋಜಿತವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ ಉರಿಯುವ ಊದುಕುಲುಮೆಯು 1923ರಲ್ಲಿ ಕಬ್ಬಿಣವನ್ನು ಹರಿಸತೊಡಗಿತು. ಬ್ರಿಟಿಷ್ ಇಂಡಿಯದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆಯು ಅಂಗೀಕೃತವಾದುದೂ ಅದೇ ವರ್ಷ. ಆ ಕಾಯಿದೆಯು ಹೆಬ್ಬೆರಳಿಗೆ ಇಷ್ಟು, ಕಣ್ಣಿಗೆ ಇಷ್ಟು ಎಂದು ದುಡಿಮೆಯ ಶಕ್ತಿಯಲ್ಲಾದ ನಷ್ಟವನ್ನು ಶೇಕಡಾವಾರು ಎಣಿಸಿತು. ಇದು ನ್ಯಾಯದ ದೃಷ್ಟಿಯಿಂದ ಮುನ್ನಡೆಯೇ ಸರಿ. ಆದರೆ ಕಾನೂನು ಎಣಿಸಿದುದು ಹೋದ ಅಂಗವನ್ನು. ಉಳಿದ ಅಂಗದಿಂದ ಏನು ಸಾಧ್ಯವೆಂಬ ಲೆಕ್ಕವನ್ನು ಇನ್ನೊಬ್ಬರು ಮಾಡಬೇಕಾಗಿದ್ದಿತು.

ಭಾರತದಲ್ಲಿ ಆ ಲೆಕ್ಕವನ್ನು ಶಾಸ್ತ್ರೀಯವಾಗಿ ಕಲಿಸಲು ತೊಡಗಿದವರು ಶ್ರೀಮತಿ ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಈ ದೇಶದಲ್ಲಿಯೇ ನೆಲೆಸಿದ ಅವರು, ಫಿಲಡೆಲ್ಫಿಯದಲ್ಲಿ ವೃತ್ತಿಚಿಕಿತ್ಸೆಯನ್ನು ಅಭ್ಯಸಿಸಿ ಹಿಂದಿರುಗಿ, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಏಷ್ಯದ ಮೊದಲ ವೃತ್ತಿಚಿಕಿತ್ಸಾ ಶಾಲೆಯನ್ನು ತೆರೆದರು. 1952ರಲ್ಲಿ ವೃತ್ತಿಚಿಕಿತ್ಸಕರ ವಿಶ್ವ ಒಕ್ಕೂಟವು ರಚಿತವಾದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿದ್ದಿತು. ವೆಲ್ಲೂರಿನ ನಿದರ್ಶನವೂ ಇದೇ ಕಾಲದ್ದು. 1946ರಲ್ಲಿ ಅಲ್ಲಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಮುರುಟಿದ ಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಾನಾಂತರದಿಂದ ಬಿಡಿಸುವ ಶಸ್ತ್ರಕ್ರಿಯೆಯಲ್ಲಿ ಯಶಸ್ವಿಯಾದರು. ಆದರೆ ಬಿಡಿಸಿದ ಕೈಗೆ ಕೆಲಸವಿಲ್ಲದಿದ್ದರೆ ಶಸ್ತ್ರಕ್ರಿಯೆ ಅಪೂರ್ಣವೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. 1951ರಲ್ಲಿ ಆರಂಭವಾದ ನವಜೀವನ ಕೇಂದ್ರದಲ್ಲಿ ರೋಗಿಗಳು ಮರಗೆಲಸವನ್ನು ಕಲಿತರು. ಸ್ಪರ್ಶಜ್ಞಾನವಿಲ್ಲದ ಕೈಯನ್ನು ಗಾಯವಾಗದಂತೆ ಬಳಸುವುದನ್ನೂ ಕಲಿತರು. ಇವರಿಬ್ಬರೂ ಹೊರಗಿನಿಂದ ಬಂದವರು, ಬಂದು ನಿಂತವರು. ತಮ್ಮ ವಿದ್ಯೆಯನ್ನು ಇಲ್ಲಿಯವರಿಗೆ ಒಪ್ಪಿಸಿದವರು.

ಈ ಹಿನ್ನೆಲೆಯಲ್ಲಿ ಹಂದಿಗೋಡಿನ ಸಂಗತಿಯನ್ನು ಮತ್ತೆ ನೋಡೋಣ. ವ್ಯಾಧಿಗೆ ತುತ್ತಾದವರು ಬಹುಪಾಲು ದಲಿತ ಕೃಷಿಕೂಲಿ ಕುಟುಂಬದವರು. ಸೊಂಟ ಮತ್ತು ಮೊಣಕಾಲುಗಳ ನೋವಿನಿಂದ ತೊಡಗಿ, ಕ್ರಮೇಣ ಊರುಗೋಲಿಲ್ಲದೆ ನಡೆಯುವುದು ಅಸಾಧ್ಯವಾಗುತ್ತದೆ. ಕೆಲವರಲ್ಲಿ ದೇಹದ ಎತ್ತರವೂ ಕುಂಠಿತವಾಗುತ್ತದೆ. ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. 1990ರ ದಶಕದ ಸಂಶೋಧನೆಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆ ಹಾಗೂ ಕೀಲುಗಳ ವಿಕಾರವೆಂದು ಪ್ರತಿಪಾದಿಸಿದವು. ದಕ್ಷಿಣ ಆಫ್ರಿಕದ ಎಂಸೆಲೆನಿ ಪ್ರದೇಶದಲ್ಲಿ ಇಂಥದೇ ಸೊಂಟದ ವ್ಯಾಧಿಯೊಂದು 1970ರಲ್ಲಿ ವರದಿಯಾಗಿದ್ದುದರಿಂದ ವಿದ್ವಾಂಸರು ಇವೆರಡನ್ನೂ ತುಲನೆ ಮಾಡಿದರು. ಹೀಗೆ ಹಂದಿಗೋಡು ಎಂಬ ಸಣ್ಣ ಊರಿನ ಹೆಸರು ಲೋಕದ ವೈದ್ಯಕೀಯ ಪತ್ರಿಕೆಗಳಲ್ಲಿ ಸೇರಿತು. ರಕ್ತದ ಮಾದರಿ, ಕ್ಷಕಿರಣ ಚಿತ್ರ, ವಂಶವೃಕ್ಷ, ಇವು ಸಂಶೋಧನೆಗೆ ಅವಶ್ಯವಾದುವು. ತಂಡಗಳು ಅವನ್ನು ಸಂಗ್ರಹಿಸಿದುದು ಉಚಿತವೇ. ಆದರೆ ಕಾರಣ ತಿಳಿದ ಮಾತ್ರಕ್ಕೆ ಸವೆದ ಕೀಲು ಮೊದಲಿನಂತಾಗದು. ಅಲ್ಲಿಂದ ಮುಂದಿನದು ವೃತ್ತಿಚಿಕಿತ್ಸೆಯ ಕ್ಷೇತ್ರ.

ಮಲೆನಾಡಿನ ದಿನಚರಿಯನ್ನು ಬಲ್ಲವರಿಗೆ ಆ ಕ್ಷೇತ್ರದ ವಿಸ್ತಾರವು ಸುಲಭವಾಗಿ ತಿಳಿಯುತ್ತದೆ. ಇಲ್ಲಿಯ ಕೆಲಸಗಳಲ್ಲಿ ಬಹಳಷ್ಟು ನೆಲಮಟ್ಟದವು. ಸಸಿ ನೆಡಲು ಬಾಗಬೇಕು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು, ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಅಡಿಕೆ ಸುಲಿಯಬೇಕು. ಸೊಂಟ ಮಡಿಚದವನಿಗೆ ಈ ಮೂರೂ ಮುಚ್ಚಿದ ಬಾಗಿಲುಗಳೇ. ಆದರೆ ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಬಿಗಿದು, ಅದಕ್ಕೆ ತಕ್ಕ ಪೀಠವನ್ನು ಮಾಡಿಕೊಟ್ಟರೆ ಅದೇ ವ್ಯಕ್ತಿ ಅಡಿಕೆ ಸುಲಿದು ಕೂಲಿ ಗಳಿಸಬಲ್ಲನು. ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಬಹುದು. ಹಾರೆ ಗುದ್ದಲಿಗಳ ಹಿಡಿಯನ್ನು ಉದ್ದ ಮಾಡಬಹುದು. ಶೌಚದ ಪೀಠವನ್ನು ಎತ್ತರಿಸಬಹುದು. ಇವುಗಳಿಗೆ ಬೇಕಾದುದು ಅಲ್ಪ ವೆಚ್ಚ, ಸೂಕ್ಷ್ಮ ಅವಲೋಕನ, ಮತ್ತು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಂದು ನೋಡುವ ಒಬ್ಬ ಮನುಷ್ಯ.

ಈ ಮೂರನೆಯದೇ ಅಲ್ಪಾವಧಿಯ ತಂಡಗಳಿಗೆ ದುರ್ಲಭವಾದುದು. ಸಂಪನ್ನ ದೇಶದಿಂದ ಎರಡು ವಾರಗಳಿಗೆ ಬಡದೇಶಕ್ಕೆ ಬರುವ ಚಿಕಿತ್ಸಕನು ಕಾಯಿಸಿ ಬಾಗಿಸುವ ಪ್ಲಾಸ್ಟಿಕ್ ಹಾಳೆಯಿಂದ ಕೈಗೆ ಸೊಗಸಾದ ಆಧಾರಪಟ್ಟಿಯನ್ನು ಮಾಡಿಕೊಡಬಲ್ಲನು. ಅದು ಮುರಿದರೆ ಆ ಹಾಳೆ ಅಲ್ಲಿ ಸಿಗುವುದಿಲ್ಲ. ಚಮಚ ಹಿಡಿಯಲು ರೂಪಿಸಿದ ಪಟ್ಟಿಯು ಕೈಯಿಂದ ಅನ್ನ ಕಲಸಿ ಉಣ್ಣುವವನಿಗೆ ಅಡ್ಡಿಯಾಗುತ್ತದೆ. ಕೃತಕ ಪಾದದ ವಿಷಯದಲ್ಲಿ ಈ ಪಾಠವನ್ನು ಕಲಿಸಿದುದು ಜೈಪುರ. ಬೂಟಿನೊಳಗೆ ಇರಿಸಲು ತಯಾರಾದ ವಿದೇಶೀ ಪಾದದಿಂದ ನಮ್ಮ ರೈತನಿಗೆ ಕುಕ್ಕರಿಸುವುದಾಗಲಿ ಬರಿಗಾಲಿನಲ್ಲಿ ಗದ್ದೆಗೆ ಇಳಿಯುವುದಾಗಲಿ ಆಗುತ್ತಿರಲಿಲ್ಲ. ಡಾ. ಪಿ.ಕೆ. ಸೇಥಿ ಅವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಕೂಡಿ 1960ರ ದಶಕದ ಕೊನೆಯಲ್ಲಿ ರಬ್ಬರಿನಿಂದ ರೂಪಿಸಿದ ಪಾದವು ಇವೆರಡನ್ನೂ ಸಾಧ್ಯಗೊಳಿಸಿತು. ವೈದ್ಯನ ವಿದ್ಯೆಯೊಡನೆ ಊರಿನ ಕೈಗೆಲಸ ಕೂಡಿದುದೇ ಅದರ ರಹಸ್ಯ.

ಇಷ್ಟರಿಂದ ಅಲ್ಪಾವಧಿಯ ತಂಡಗಳು ನಿರರ್ಥಕವೆಂದು ತೀರ್ಮಾನಿಸುವುದು ಅವಿಚಾರವಾದೀತು. 1991ರಿಂದ ಹಳಿಗಳ ಮೇಲೆ ಸಂಚರಿಸುತ್ತ ಬಂದ ಜೀವನರೇಖಾ ಎಕ್ಸ್‌ಪ್ರೆಸ್ ಎಂಬ ಆಸ್ಪತ್ರೆ-ರೈಲು, ಒಂದೊಂದು ನಿಲ್ದಾಣದಲ್ಲಿ ಕೆಲವು ವಾರ ನಿಂತು, ಕಣ್ಣಿನ ಪೊರೆ, ಸೀಳುತುಟಿ, ಪೋಲಿಯೋ ವೈಕಲ್ಯಗಳಿಗೆ ಶಸ್ತ್ರಕ್ರಿಯೆ ನಡೆಸಿದೆ. ಕಣ್ಣಿನ ಪೊರೆ ಒಂದೇ ದಿನದಲ್ಲಿ ತೆಗೆಯಬಹುದಾದುದು. ಅದಕ್ಕೆ ಅಲ್ಪಾವಧಿ ಸಾಕು. ಪೋಲಿಯೋದಿಂದ ಬಾಗಿದ ಕಾಲು ಹಾಗಲ್ಲ. ಅದನ್ನು ನೇರ ಮಾಡಿದ ಮೇಲೆ ನಡೆಯಲು ಕಲಿಸುವ ತಿಂಗಳುಗಳು ರೈಲು ಹೊರಟ ಅನಂತರದವು.

ಆದುದರಿಂದ ತಂಡದ ಯೋಗ್ಯತೆಯನ್ನು ಅಳೆಯಲು, ಅದು ಎಷ್ಟು ರೋಗಿಗಳನ್ನು ನೋಡಿತೆಂಬುದಕ್ಕಿಂತ ಎಷ್ಟು ಜನ ಸ್ಥಳೀಯರಿಗೆ ವಿದ್ಯೆ ಕೊಟ್ಟಿತೆಂಬುದೇ ಉತ್ತಮ ಮಾನದಂಡವೆಂದು ನಮಗೆ ತೋರುತ್ತದೆ. 1978ರ ಆಲ್ಮಾ-ಆಟಾ ಘೋಷಣೆಯ ಅನಂತರ ವಿಶ್ವ ಆರೋಗ್ಯ ಸಂಸ್ಥೆಯು ಪ್ರಚುರಪಡಿಸಿದ ಸಮುದಾಯಾಧಾರಿತ ಪುನರ್ವಸತಿಯ ತತ್ತ್ವವೂ ಇದೇ. ಕರ್ನಾಟಕದಲ್ಲಿ ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಗೌರವಧನದ ಮೇಲೆ ನೇಮಕಗೊಂಡ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೇ ಅಂಗವೈಕಲ್ಯವನ್ನು ಅನುಭವಿಸಿದವರು. ಹೊರಗಿನಿಂದ ಬರುವ ಯಾವುದೇ ವೃತ್ತಿಚಿಕಿತ್ಸಕನಿಗೆ ಇವರಿಗಿಂತ ತಕ್ಕ ಶಿಷ್ಯರು ದೊರೆಯಲಾರರು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಅಂಗೋಪಾಂಗಗಳು ಬಿಡಿಬಿಡಿಯಾಗಿ ಇದ್ದೇ ಇವೆ. ಶಿವಮೊಗ್ಗ ನಗರದ ಮೆಗ್ಗಾನ್ ಆಸ್ಪತ್ರೆ ಈಗ ವೈದ್ಯಕೀಯ ಶಿಕ್ಷಣ ಸಂಸ್ಥೆಗೆ ಸೇರಿದ ಬೋಧನಾಲಯ. ಭದ್ರಾವತಿಯಲ್ಲಿ ಅಚ್ಚು ಎರೆಯುವ, ಬೆಸುಗೆ ಹಾಕುವ, ಲೇತು ನಡೆಸುವ ವಿದ್ಯೆ ಮೂರು ತಲೆಮಾರುಗಳಿಂದ ಮನೆಮನೆಗೆ ಇಳಿದು ಬಂದಿದೆ. ಕಾರ್ಖಾನೆಗಳ ಭಾಗ್ಯವು ಕುಗ್ಗಿದರೂ ಆ ಕೈಗಳು ಉಳಿದಿವೆ. ಹಂದಿಗೋಡಿನ ರೋಗಿಗೆ ಬೇಕಾದ ಎತ್ತರದ ಪೀಠವನ್ನೂ ನಡಿಗೆಯ ಚೌಕಟ್ಟನ್ನೂ ಅವು ಮಾಡಬಲ್ಲವು. ಆಸ್ಪತ್ರೆಯ ವೈದ್ಯ, ಭದ್ರಾವತಿಯ ಕುಶಲಕರ್ಮಿ, ಪಂಚಾಯಿತಿಯ ಕಾರ್ಯಕರ್ತ, ಈ ಮೂವರನ್ನು ಒಂದೆಡೆ ಕೂಡಿಸುವ ಕಾರ್ಯವನ್ನು ಮುಂದಿನ ತಂಡವು ಕೈಗೊಂಡರೆ, ಅದು ಹೊರಟುಹೋದ ದಿನವೂ ಚಿಕಿತ್ಸೆ ನಿಲ್ಲುವುದಿಲ್ಲ.